ಹಿಮಕ್ಕೆ ಹೆಪ್ಪು

ಒಂದಾನೊಂದು ಕಾಲದಲ್ಲಿ ಎಂದು ಅಜ್ಜಿಯರು ಶುರುಮಾಡುವುದು ಆಗಿಹೋದ ಕಾಲದ ಬಗ್ಗೆ. ಈ ಕಥೆಯ ಕಾಲ ಇನ್ನೂ ದಾರಿಯಲ್ಲಿದೆ, ನಮ್ಮನ್ನು ತಲುಪಿಲ್ಲ. ಆದರೂ ಇದು ಹುಟ್ಟಿದ್ದು ಒಬ್ಬ ಅಜ್ಜಿಯ ಒಲೆಯ ಪಕ್ಕದಲ್ಲೇ ಆದ್ದರಿಂದ ಅವಳ ಹಾಗೇ ಶುರುಮಾಡೋಣ.

ಒಂದಾನೊಂದು ಕಾಲದಲ್ಲಿ, ಲಡಾಖಿನ ಕಂಗ್ಯುಲ್ ಎಂಬ ಊರಿನ ನೆತ್ತಿಯ ಮೇಲೆ ಎರಡು ಹಿಮನದಿಗಳಿದ್ದವು. ಒಂದು ಗಂಡು, ಒಂದು ಹೆಣ್ಣು. ಗಂಡು ಕಪ್ಪಗಿದ್ದ, ಮೈತುಂಬ ಕಲ್ಲುಮಣ್ಣು ಹೊದ್ದುಕೊಂಡು, ಮಾತೂ ಕಮ್ಮಿ, ಕೊಡುವ ನೀರೂ ಕಮ್ಮಿ. ಹೆಣ್ಣು ಬೆಳ್ಳಗಿದ್ದಳು, ಬಿಸಿಲು ಬಿದ್ದರೆ ನೀಲಿಯಾಗಿ ನಗುತ್ತಿದ್ದಳು, ಕೇಳಿದವರಿಗೂ ಕೇಳದವರಿಗೂ ನೀರು ಕೊಡುತ್ತಿದ್ದಳು. ಕೊಟ್ಟು ಕೊಟ್ಟು ಸವೆದಳು. ಒಂದು ಬೇಸಗೆಯಲ್ಲಿ ಊರವರು ಹತ್ತಿಹೋಗಿ ನೋಡಿದರೆ ಅವಳಿದ್ದ ಜಾಗದಲ್ಲಿ ಒದ್ದೆ ಬಂಡೆ ಇತ್ತು, ಅಷ್ಟೇ. ಗಂಡು ಮಾತ್ರ ಕಲ್ಲಿನ ಕಂಬಳಿಯ ಕೆಳಗೆ ಮುಖ ಮುಚ್ಚಿಕೊಂಡು ಮಲಗೇ ಇದ್ದ.

"ಅವಳು ಸತ್ತೇಹೋದಳಾ ಅಬಿ?" ಎಂದು ಪುಟ್ಟ ಕುಂಜೆಸ್ ಕೇಳುತ್ತಿದ್ದಳು. ಅಬಿ ಎಂದರೆ ಆ ಊರ ಮಾತಿನಲ್ಲಿ ಅಜ್ಜಿ.

"ಸಾಯೋದೆಲ್ಲಿ ಬಂತು. ನೀನು ಹುಟ್ಟೋ ಮೊದಲೇ ಓದಿದವರು ಬಂದು ಅವಳ ಒಂದು ತುಂಡನ್ನ ಕೊರೆದು ಲೇಹ್ ಪಟ್ಟಣಕ್ಕೆ ಒಯ್ದಿದ್ದಾರೆ. ಅಲ್ಲಿ ಪೆಟ್ಟಿಗೆಯೊಳಗೆ ನಿದ್ದೆ ಮಾಡ್ತಿದ್ದಾಳೆ. ಯಾರಾದರೂ ಹೋಗಿ ಕರ್ಕೊಂಡು ಬಂದು ಮದುವೆ ಮಾಡಿಸಿದರೆ ಎದ್ದು ಕೂತ್ಕೋತಾಳೆ."

"ನಾನು ಕರ್ಕೊಂಡು ಬರ್ತೀನಿ."

"ಬಾ ಮತ್ತೆ. ಮಾತು ಕೊಟ್ಟೆ ಅಂತ ಇಟ್ಕೋತೀನಿ."

ಅಬಿ ಆ ಮಾತನ್ನು ನಿಜವಾಗಿಯೂ ಇಟ್ಟುಕೊಂಡಳು, ಚಳಿಗಾಲಕ್ಕೆ ಒಣಗಿಸಿದ ಜರ್ದಾಲು ಎತ್ತಿಡುವ ಹಾಗೆ.

ಹಿಮದ ಮದುವೆ ಬರೀ ಕಥೆಯಲ್ಲ. ಹಿಂದಿನವರು ಹೊಸ ಹಿಮ ಬೇಕಾದಾಗ ಕಪ್ಪನೆಯದೊಂದು ಹೊರೆ, ಬಿಳಿಯದೊಂದು ಹೊರೆ ಹೊತ್ತು, ಬಿಸಿಲು ಕಾಣದ ಕಮರಿಯಲ್ಲಿ ಎರಡನ್ನೂ ಕೂಡಿಸಿ ಹೂಳುತ್ತಿದ್ದರು. ಅದಕ್ಕೆ ಎರಡೇ ಕಟ್ಟಳೆ. ಹೊರೆಯನ್ನು ದಾರಿಯಲ್ಲಿ ನೆಲಕ್ಕಿಡುವಂತಿಲ್ಲ. ಹೊತ್ತವರು, ಜೊತೆಗೆ ನಡೆದವರು ಯಾರೂ ಮಾತಾಡುವಂತಿಲ್ಲ. ಹಿಮ ನೆಲೆಯಾದ ಮೇಲೆ ಮೊದಲ ಮಾತು ಊರಿನ ಹಿರಿಯರದು.

*

ಕುಂಜೆಸ್ ಬೆಳೆದು ದೊಡ್ಡವಳಾದಳು, ಓದಿದಳು, ಲೇಹ್‌ನಲ್ಲಿ ಹೆಣ್ಣಿನದೊಂದು, ಗಂಡಿನದೊಂದು ಹಿಮದ ಪೆಟ್ಟಿಗೆಯಿದ್ದ ಸಂಸ್ಥೆಯಲ್ಲೇ ಕೆಲಸಕ್ಕೆ ಸೇರಿದಳು.

ಸಂಸ್ಥೆಯ ನಿಯಂತ್ರಣ ಕೋಣೆಯ ಗೋಡೆಯ ಮೇಲೆ ಒಂದೊಂದು ಊರಿಗೆ ಒಂದೊಂದು ದೀಪ. ಪ್ರತಿ ಊರಿನ ಮೇಲೂ ಒಂದು ನೆರಳಿನ ಕಮರಿ. ಅಲ್ಲಿಗೆ ಚಳಿಗಾಲದಲ್ಲಿ ಸುಮ್ಮನೆ ಹರಿದುಹೋಗುವ ತೊರೆನೀರನ್ನು ಕೊಳವೆಯಲ್ಲಿ ತಂದು ಕಾರಂಜಿಯಾಗಿ ಚಿಮ್ಮಿಸುತ್ತಿದ್ದರು. ಚಳಿಗೆ ಅದು ಹೆಪ್ಪುಗಟ್ಟಿ ಗುಡ್ಡವಾಗಿ ನಿಲ್ಲುತ್ತಿತ್ತು. ಬಿತ್ತನೆಯ ಹೊತ್ತಿಗೆ ಕರಗಿ ಬಾರ್ಲಿಯ ಹೊಲಕ್ಕಿಳಿಯುತ್ತಿತ್ತು. ಚಳಿ ಬಂದಾಗ ಇಲ್ಲಿಂದಲೇ ನಲ್ಲಿ ತೆರೆಯುವುದು, ಹೋದಾಗ ಮುಚ್ಚುವುದು ಕುಂಜೆಸ್‌ಳ ಕೆಲಸ. ನೀರು ಹೆಪ್ಪುಗಟ್ಟುತ್ತಿದ್ದರೆ ದೀಪ ನೀಲಿ, ಹರಿದುಹೋಗುತ್ತಿದ್ದರೆ ಹಳದಿ. ಮೊದಮೊದಲು ಗೋಡೆ ನೀಲಿಯಿರುತ್ತಿತ್ತು. ಈಚೆಗೆ ಚಳಿಗೇ ಸುಸ್ತು ಹಿಡಿದಂತಿತ್ತು. ಸೊನ್ನೆಗಿಂತ ಎರಡೋ ಮೂರೋ ಡಿಗ್ರಿ ಕೆಳಗಿಳಿದು ಅಲ್ಲೇ ಕೂತುಬಿಡುತ್ತಿತ್ತು. ಗೋಡೆಯೆಲ್ಲ ಹಳದಿ. ಕುಂಜೆಸ್ ಕಣ್ಣು ಮುಚ್ಚಿದರೂ ಆ ಹಳದಿ ಒಳಗಡೆ ಉರಿಯುತ್ತಿತ್ತು.

ಪ್ರಯೋಗಾಲಯದ ಮುಖ್ಯಸ್ಥೆ ನೀಲಾಂಬಿಕಾ ಪಟ್ಟಣಶೆಟ್ಟಿ ವಿಜಯಪುರದ ಕಡೆಯವರು. ಕುಂಜೆಸ್ ಕೆಲಸಕ್ಕೆ ಸೇರಿದ ಮೊದಲ ದಿನವೇ ಇಬ್ಬರಿಗೂ ಜಗಳವಾಗುವುದಿತ್ತು. "ಜುಲೇ, ಮೇಡಂ-ಲೇ" ಎಂದು ಕೈಮುಗಿದವಳನ್ನು ನೀಲಾ ಮೇಡಂ ದುರುಗುಟ್ಟಿ ನೋಡಿದ್ದರು. ಲಡಾಖಿನಲ್ಲಿ ಹೆಸರಿನ ಕೊನೆಗೆ 'ಲೇ' ಅಂದರೆ ಮರ್ಯಾದೆ. ಅಬಿ-ಲೇ, ಅಪ್ಪನಿಗೂ ಲೇ, ದೇವರಿಗೂ ಲೇ. "ನಮ್ಮೂರಾಗ ಹಿರೇರಿಗೆ ಲೇ ಅಂದ್ರ ಹಲ್ಲು ಉದುರ್ತಾವ" ಎಂದು ಆಮೇಲೆ ಮೇಡಂ ನಕ್ಕಿದ್ದರು. ಅವರು ಎಲ್ಲರ ಜೊತೆ ಹಿಂದಿ ಆಡುವವರು, ದಣಿದಾಗ ಮಾತ್ರ ತಮ್ಮ ಕನ್ನಡಕ್ಕೆ ಇಳಿಯುತ್ತಿದ್ದರು. ಈಚೆಗೆ ಅವರು ದಣಿಯದ ದಿನವೇ ಇರಲಿಲ್ಲವಾದ್ದರಿಂದ ಕುಂಜೆಸ್‌ಗೂ ಆ ಮಾತು ಅರ್ಥವಾಗತೊಡಗಿತ್ತು.

"ನೀರು ಸೊನ್ನೆಗೆ ಹೆಪ್ಪಾಗ್ತೈತಿ ಅಂತ ಸಾಲ್ಯಾಗ ಕಲಿಸ್ತಾರಲ್ಲ, ಸುಳ್ಳದು" ಎನ್ನುತ್ತಿದ್ದರು ಮೇಡಂ. "ನೀರು ಹಾಲು ಇದ್ದಂಗ. ಹಾಲು ತನ್ನಷ್ಟಕ್ಕ ಮಸರಾಗಂಗಿಲ್ಲ, ಹೆಪ್ಪು ಬೇಕು. ನೀರಿಗೂ ಕೈಹಿಡಿಯಾಕ ಒಂದು ಆಸರ ಸಿಗೂತನಕ ಅದು ಸೊನ್ನೆಗಿಂತ ಕೆಳಗ ಹೋದ್ರೂ ಹರೀತಾನ ಇರ್ತೈತಿ."

ಆ ಹೆಪ್ಪು ಬಿಳಿಯ ಹಿಮದಲ್ಲಿ ಇತ್ತು ಎನ್ನುವುದು, ಹಿಮ ಕೊರೆದವರು ಬರೆದಿಟ್ಟ ವರದಿ ನೋಡಿ, ಅವರ ಲೆಕ್ಕ. ಅದರೊಳಗೆ ವಾಸವಿದ್ದ ಒಂದು ಬಗೆಯ ಸೂಕ್ಷ್ಮಜೀವಿಯ ಮೈಹೊದಿಕೆ ಎಷ್ಟು ಹದವಾಗಿತ್ತೆಂದರೆ, ನೀರಿನ ಕಣಗಳು ಅದರ ಮೇಲೆ ಸಾಲಾಗಿ ಕೂತು ಸೊನ್ನೆಗಿಂತ ಎರಡೇ ಡಿಗ್ರಿ ಕೆಳಗಿನ ಚಳಿಗೂ ಹಿಮವಾಗುತ್ತಿದ್ದವು. ಆದರೆ ಜೀವಿ ಒಂಟಿಯಾಗಿದ್ದರೆ ನೀರಿನಲ್ಲಿ ಕೊಚ್ಚಿಹೋಗುತ್ತದೆ. ಅದಕ್ಕೆ ಅಂಟಿಕೊಳ್ಳಲು ಕಪ್ಪು ಹಿಮನದಿಯ ಕಲ್ಲುಪುಡಿ ಬೇಕು. ಗಾಜಿನ ತಟ್ಟೆಯಲ್ಲಿ ಸಾಕಲು ನೋಡಿದರೆ ಅದು ಬೆಳೆಯಲೊಲ್ಲದು. ಹಾಗಾಗಿ ಪೆಟ್ಟಿಗೆಯಲ್ಲಿದ್ದ ಹಳೆಯ ಬಿಳಿ ಹಿಮವನ್ನೇ ಒಯ್ದು ಕಂಗ್ಯುಲ್‌ನ ಕರಿ ಹಿಮದ ಜೊತೆ ಕೂಡಿಸಬೇಕಿತ್ತು. ಅಬಿಯ ಮದುವೆಯೇ, ಹೆಸರು ಬೇರೆ.

ಎರಡು ಚಳಿಗಾಲ ಮಾಡಿದರು. ಪೆಟ್ಟಿಗೆಯಿಂದ ಒಂದೊಂದು ಚೂರು ಕೆತ್ತಿ, ಥರ್ಮಸ್ ಫ್ಲಾಸ್ಕಿನಲ್ಲಿ ಹಾಕಿ ಒಯ್ದರು. ಎರಡು ಸಲವೂ ಕಾರಂಜಿಯ ನೀರು ಕಮರಿಯಿಂದ ಹರಿದು ಹೊರಟೇಹೋಯಿತು. ಪೆಟ್ಟಿಗೆಯ ಹಿಮ ಯಾಕೆ ಇಷ್ಟು ಕೆಸರಾಗಿದೆ ಎಂದು ಒಮ್ಮೆ ಅನುಮಾನ ಬಂದದ್ದೂ ಉಂಟು. ಧೂಳು ಬಿದ್ದ ವರ್ಷವಿರಬೇಕು ಎಂದುಕೊಂಡರು. ಜೀವಿಗಳೇ ಕಾಣಲಿಲ್ಲ. ನಿದ್ದೆಯಲ್ಲೇ ಸೊರಗಿರಬೇಕು ಎಂದುಕೊಂಡರು. ದಣಿದವರಿಗೆ ಯಾವ ವಿವರಣೆಯಾದರೂ ಸಾಕಾಗುತ್ತದೆ.

*

ಮೂರನೆಯ ಚಳಿಗಾಲದ ಬಾಯಲ್ಲಿ ಕುಂಜೆಸ್ ಊರಿಗೆ ಹೋದಾಗ ತಾಯಿ ರಾತ್ರಿಯ ಥುಕ್ಪಾ ಅಡುಗೆಗೆ ಹಿಟ್ಟು ನಾದುತ್ತಿದ್ದಳು. ಅಬಿ ಒಲೆಯ ಪಕ್ಕ ಕಂಬಳಿಯ ಮುದ್ದೆಯಾಗಿ ಕೂತಿದ್ದಳು. ಪಕ್ಕದ ಮನೆಯ ಡೋಲ್ಕರ್ ಬೆಂಕಿ ಕೇಳುವ ನೆವದಲ್ಲಿ ಬಂದು ಕೂತವಳು ಏಳುವ ಹಾಗೆ ಕಾಣಲಿಲ್ಲ.

"ಊರಲ್ಲಿ ಸಭೆ ಆಯ್ತು" ಎಂದಳು ತಾಯಿ, ಹಿಟ್ಟಿನಿಂದ ಕಣ್ಣೆತ್ತದೆ. "ಈ ಸಲವೂ ಹಿಮ ನಿಲ್ಲದಿದ್ದರೆ ಬಿತ್ತನೆಗೆ ಮೊದಲೇ ಎಲ್ಲರೂ ನದಿ ದಂಡೆಯ ಕಾಲೊನಿಗೆ ಇಳಿಯೋದು ಅಂತ."

"ತಗಡಿನ ಮನೆ. ಟ್ಯಾಂಕರಿನ ನೀರು" ಎಂದಳು ಡೋಲ್ಕರ್. "ನನಗೇನೋ ಖುಷಿಯೇ. ಟ್ಯಾಂಕರಿನವನ ಜೊತೆ ಜಗಳ ಆಡಬಹುದು. ಇಲ್ಲಿ ಬಂಡೆ ಜೊತೆ ಎಷ್ಟೂಂತ ಆಡಲಿ? ಅದಿರಲಿ ಕುಂಜೆಸ್, ಮದುಮಗಳು ಎರಡು ಸಲ ಬಂದು ಎರಡು ಸಲವೂ ಓಡಿಹೋದಳಲ್ಲ, ಈ ಸಲ ಕಾಲಿಗೆ ಹಗ್ಗ ಕಟ್ಟಿ ತರ್ತೀಯೋ ಹೇಗೆ?"

"ಓಡದೆ ಏನು ಮಾಡ್ತಾಳೆ?" ಅಬಿಯ ಕಂಬಳಿ ಅಲುಗಿತು. "ಮದುಮಗಳನ್ನ ಯಾರಾದರೂ ಚಹಾದ ಫ್ಲಾಸ್ಕಿನಲ್ಲಿ ತರ್ತಾರಾ? ಸಿಟ್ಟು ಬಂದಿದೆ ಅವಳಿಗೆ. ಇಡೀ ಪೆಟ್ಟಿಗೆ ತಾ. ಬೆನ್ನ ಮೇಲೆ ತಾ. ನಿಮ್ಮಜ್ಜ ತಂದ ಹಾಗೆ."

"ಅಬಿ-ಲೇ, ಹಿಮಕ್ಕೆ ಸಿಟ್ಟು ಗಿಟ್ಟು ಬರಲ್ಲ. ಅದು..."

"ಮಾತು ಕೊಟ್ಟಿದ್ದೆ ನೀನು."

ಕುಂಜೆಸ್ ವಾದ ಮಾಡಲಿಲ್ಲ. ಎರಡು ವರ್ಷ ಹಳದಿ ದೀಪ ನೋಡಿದವಳಿಗೆ ವಾದಕ್ಕೆ ಬೇಕಾದ ಉಸಿರು ಉಳಿದಿರಲಿಲ್ಲ. ಪೆಟ್ಟಿಗೆಯಲ್ಲಿದ್ದದ್ದೂ ಇನ್ನು ಕೊನೆಯ ತುಂಡು. ಈ ಸಲ ಹಿಡಿಯದಿದ್ದರೆ ಅಬಿಯನ್ನು ಹೊತ್ತು ತಗಡಿನ ಮನೆಗೆ ಇಳಿಸುವುದೇ ಉಳಿದ ಕೆಲಸ. ಆ ಹೊರೆ ನೆನೆದರೇ ಅವಳ ಬೆನ್ನು ನೋಯುತ್ತಿತ್ತು. "ಆಯ್ತು. ಪೆಟ್ಟಿಗೆ ಸಮೇತ ತರ್ತೀನಿ" ಎಂದಳು.

*

ಪೆಟ್ಟಿಗೆ ಒಯ್ಯಲು ತನ್ನ ಪಿಕಪ್ ಗಾಡಿಯಲ್ಲಿ ಬಂದವನು ಸೋದರಮಾವ ಗ್ಯಾಲ್ಸನ್. ಅವರ ಮಾತಿನಲ್ಲಿ ಅಜಂಗ್. ಹಿಂದೆ ಹಿಮ ಕೊರೆಯಲು ಬಂದವರ ಹೊರೆ ಹೊತ್ತವನೂ ಅವನೇ. ಆದರೆ ಹೋದ ಎರಡು ಚಳಿಗಾಲದಲ್ಲೂ ಅವನು ಕಂಡಿದ್ದು ಫ್ಲಾಸ್ಕನ್ನು ಮಾತ್ರ. ಶೀತಕೋಣೆಯಿಂದ ಕುಂಜೆಸ್ ಮತ್ತು ನೀಲಾ ಮೇಡಂ ಪೆಟ್ಟಿಗೆಯನ್ನು ಎತ್ತಿ ತಂದಾಗ ಅವನು ಟೋಪಿ ಹಿಂದಕ್ಕೆ ಸರಿಸಿ, ಮುಚ್ಚಳದ ಮೇಲಿನ ಅಕ್ಷರವನ್ನು ನೋಡಿ ಹುಬ್ಬುಗಂಟು ಹಾಕಿದ.

"ಇವನನ್ನ ಯಾಕೆ ತಂದಿರಿ?"

"ಯಾರನ್ನ?"

"ಇವನನ್ನೇ. ಇವನ ಮೈ ಊರಲ್ಲಿ ಬೆಟ್ಟದಷ್ಟು ಬಿದ್ದಿದೆಯಲ್ಲ. ಮದುಮಗಳ ಪೆಟ್ಟಿಗೆ ಎಲ್ಲಿ?"

"ಇದೇ ಮದುಮಗಳು ಅಜಂಗ್-ಲೇ" ಎಂದರು ನೀಲಾ ಮೇಡಂ, ಮುಚ್ಚಳದ ಮೇಲೆ ಬೆರಳಿಟ್ಟು. "ಎಫ್ ಅಂತ ಬರೆದಿದೆ ನೋಡಿ. ಫೀಮೇಲ್."

"ಫೀಮೇಲೂ ಇಲ್ಲ, ಗೀಮೇಲೂ ಇಲ್ಲ. ಅದು ಫೋ. ಫೋ ಅಂದರೆ ಗಂಡು. ನಾನೇ ಬರೆದದ್ದು."

ನೀಲಾ ಮೇಡಂ ಮುಚ್ಚಳದಿಂದ ಬೆರಳು ತೆಗೆದರು.

"ಹಾಗಾದರೆ ಎಂ?" ಎಂದಳು ಕುಂಜೆಸ್. ಉತ್ತರ ಅವಳಿಗೆ ಗೊತ್ತಿತ್ತು. ಹಾಲು ಕುಡಿಯುವ ವಯಸ್ಸಿನಿಂದ ಗೊತ್ತಿತ್ತು.

"ಮೋ. ಹೆಣ್ಣು. ಇದರಲ್ಲಿ ಕೇಳೋದೇನಿದೆ? ನಿನಗೆ ಭಾಷೆ ಮರೆತುಹೋಯ್ತಾ?"

ಮರೆತಿರಲಿಲ್ಲ. ಕಚೇರಿಯ ಬಾಗಿಲು ದಾಟಿದ ಕೂಡಲೇ ಅವಳ ಕಣ್ಣು ಇಂಗ್ಲಿಷಿನಲ್ಲಿ ಓದುತ್ತಿತ್ತು, ಅಷ್ಟೇ. ದಿನಾ ಆ ಅಕ್ಷರದ ಮೇಲಿನ ಮಂಜು ಒರೆಸಿದವಳು ಅವಳೇ.

"ನಿಮಗೆ ಇಂಗ್ಲಿಷಿನಲ್ಲಿ ಬರೆಯೋಕೆ ಹೇಳಿದ್ದು ಯಾರು ಅಜಂಗ್-ಲೇ?"

"ಬಂದವರು ಇಂಗ್ಲಿಷ್ ಮಾತಾಡ್ತಿದ್ದರು. ಅವರಿಗೆ ಅನುಕೂಲ ಆಗಲಿ ಅಂತ ಬರೆದೆ" ಎಂದ ಗ್ಯಾಲ್ಸನ್, ಅವಮಾನವಾದವನಂತೆ. "ಅಕ್ಷರ ದುಂಡಗಿದೆ ಅಂತ ಹೊಗಳಿದ್ದರು ಕೂಡ."

ನೀಲಾ ಮೇಡಂ ಪೆಟ್ಟಿಗೆಯ ಮೇಲೇ ಕುಸಿದು ಕೂತರು. ಮೊದಲು ಅವರ ಭುಜ ಅಲುಗಿತು; ಅಳುತ್ತಿದ್ದಾರೆಂದೇ ಕುಂಜೆಸ್ ತಿಳಿದಳು, ನೋಡಿದರೆ ನಗುತ್ತಿದ್ದರು. "ಎರಡು ವರ್ಷ, ಯವ್ವಾ! ಮದುಮಗನ ಪಕ್ಕದಾಗ ಮದುಮಗನ್ನ ಕುಂಡ್ರಿಸಿ ಅಕ್ಷತಿ ಹಾಕೇವಿ. ಯಾಕ ಹೆಪ್ಪಾಗವಲ್ದು ಅಂತ ತಲಿ ಕೆಡಿಸ್ಕೊಂಡೇವಿ. ಲೇ ಅಂದ್ರ ಮರ್ಯಾದಿ ಅಂತ ಕಲಿಯಾಕ ಒಂದು ದಿನ ಸಾಕಾತು ನನಗ. ಇದನ್ನ ಕಲಿಯಾಕ..." ನಗು ನಿಂತಿತು. "ಕುಂಜೆಸ್. ಎಂ ಪೆಟಿಗಿ ಎಲ್ಲೈತಿ?"

ಕುಂಜೆಸ್‌ಳ ಕಣ್ಣು ಅಂಗಳದಾಚೆಯ ಕ್ಯಾಂಟೀನಿನ ಕಡೆ ಹೊರಳಿತು. ಹೋದ ಬೇಸಗೆ ಕರೆಂಟು ಕೈಕೊಟ್ಟು ಒಂದು ಶೀತಕಪಾಟು ಕೆಟ್ಟಾಗ, ಒಂದು ಪೆಟ್ಟಿಗೆಯನ್ನಾದರೂ ಹೊರಹಾಕಲೇಬೇಕಾಗಿತ್ತು. ಎಂ ಎಂದರೆ ಮೇಲ್, ಗಂಡು ಹಿಮ ಬೆಟ್ಟದ ಮೇಲೆ ಬೇಕಾದಷ್ಟಿದೆ, ಅದು ಹೋಗಲಿ ಎಂದಿದ್ದರು. ಎಸೆಯಲು ಮನಸ್ಸಾಗದೆ ಅವಳು ಅದನ್ನು ಕ್ಯಾಂಟೀನಿಗೆ ಒಯ್ದಿದ್ದಳು.

ಮೂವರೂ ಅಂಗಳ ದಾಟಿ ಓಡಿದರು.

ಕ್ಯಾಂಟೀನಿನ ಅಡುಗೆಯವ ಸ್ತೊಬ್ದನ್ ಮೊಮೊ ಮಡಿಸುತ್ತಿದ್ದ. "ಆ ಉದ್ದನೆಯ ಪೆಟ್ಟಿಗೆನಾ? ಅದು ಜಾಗ ತಿನ್ನುತ್ತಿತ್ತು, ಗುಜರಿಗೆ ಹಾಕಿದೆ."

ಕುಂಜೆಸ್ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

"ಒಳಗಿದ್ದ ಐಸ್ ಇದೆ, ಅದನ್ನ ಯಾಕೆ ಬಿಸಾಕಲಿ? ಒಳ್ಳೆ ಐಸು. ದೊಡ್ಡ ಸಾಹೇಬರ ಲಿಂಬೆ ಶರಬತ್ತಿಗೆ ಅದನ್ನೇ ಹಾಕ್ತಿದ್ದೆ. ಎಂಥಾ ರುಚಿ ಅಂತಿದ್ದರು." ಅವನು ಫ್ರೀಜರಿನಲ್ಲಿ ಬಗ್ಗಿ, ಬಟಾಣಿಯ ಚೀಲ, ಕೋಳಿಯ ಚೀಲ ಸರಿಸಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ್ದೊಂದು ತುಂಡನ್ನು ಎತ್ತಿದ. "ಇನ್ನೂ ಇಷ್ಟು ಉಳಿದಿದೆ."

ಮೊಳಕೈಯಷ್ಟು ಉದ್ದ. ಕಿಟಕಿಯ ಬೆಳಕು ಬಿದ್ದದ್ದೇ ಅದು ನೀಲಿಯಾಗಿ ನಕ್ಕಿತು.

ಗ್ಯಾಲ್ಸನ್ ಟೋಪಿ ತೆಗೆದ.

ನೀಲಾ ಮೇಡಂ ಒಂದು ಚೂರು ಕೆರೆದು ಪ್ರಯೋಗಾಲಯಕ್ಕೆ ಒಯ್ದು, ಕರಿ ಹಿಮದ ಕಲ್ಲುಪುಡಿಯ ಜೊತೆ ನೀರು ತುಂಬಿದ ಗಾಜಿನ ಕೊಳವೆಗೆ ಹಾಕಿ, ಎರಡು ಡಿಗ್ರಿಯ ಚಳಿಯಲ್ಲಿಟ್ಟರು. ಸ್ವಲ್ಪ ಹೊತ್ತಿನ ಮೇಲೆ ಕೊಳವೆಯನ್ನು ತಲೆಕೆಳಗು ಮಾಡಿದರು, ಮೊಸರು ಹೆಪ್ಪಾಯಿತೋ ಇಲ್ಲವೋ ಎಂದು ಬಟ್ಟಲು ವಾಲಿಸಿ ನೋಡುವ ಹಾಗೆ. ಒಂದು ತೊಟ್ಟೂ ಬೀಳಲಿಲ್ಲ. ಅವರು ಕುಂಜೆಸ್‌ಳ ತಲೆ ಸವರಿದರು.

ಇತ್ತ ಗ್ಯಾಲ್ಸನ್ ಗಾಡಿಯಿಂದ ಛಾಂಗಿನ ಬಾಟಲಿ ತಂದು, ಅದರ ಬಾಯಿಗೆ ಬೆಣ್ಣೆ ಹಚ್ಚಿ, ಅಡುಗೆಯವನ ಮುಂದೆ ಮಂಡಿಯೂರಿದ್ದ. ಬಾರ್ಲಿಯ ಆ ಹೆಂಡ ಕೊಟ್ಟು ಹೆಣ್ಣು ಕೇಳುವುದು ಅವರ ಪದ್ಧತಿ.

"ಇದೇನು ಅಜಂಗ್-ಲೇ?"

"ಇಷ್ಟು ದಿನ ನಿನ್ನ ಮನೆಯಲ್ಲಿ ಇದ್ದಳು. ಅಂದಮೇಲೆ ಅಪ್ಪ ನೀನೇ. ಕೇಳದೆ ಕರ್ಕೊಂಡು ಹೋಗೋಕೆ ನಾವೇನು ಕಳ್ಳರಾ?"

ಸ್ತೊಬ್ದನ್ ಮೊದಲು ನಕ್ಕ. ಆಮೇಲೆ ಏನಾಯಿತೋ, ಕೈಯ ಹಿಟ್ಟು ಒರೆಸಿಕೊಂಡು ಬಟ್ಟಲು ಹಿಡಿದ. "ಬಿಸಿಲಿಗೆ ಒಡ್ಡಬೇಡಿ ಅವಳನ್ನ" ಎಂದ.

*

ಗಾಡಿಯಲ್ಲಿ ಇಡೀ ದಾರಿ ಕುಂಜೆಸ್ ಬುಟ್ಟಿಯನ್ನು ಬೆನ್ನಿನಿಂದ ಇಳಿಸಲಿಲ್ಲ. ಬಾರ್ಲಿಯ ಹುಲ್ಲು, ಇದ್ದಿಲಪುಡಿ, ಕುರಿಯುಣ್ಣೆ ಹಾಸಿದ ಬುಟ್ಟಿ. ಗಾಡಿಯ ಹಲಗೆಗೆ ಒರಗಿಸಿದರೆ ನೆಲಕ್ಕಿಟ್ಟಂತೆಯೋ ಅಲ್ಲವೋ ಎಂದು ಕೇಳಲು ಆಗುವಂತಿರಲಿಲ್ಲ. ಕ್ಯಾಂಟೀನಿನ ಹೊಸ್ತಿಲು ದಾಟಿದಾಗಲೇ ಮಾತು ನಿಂತಿತ್ತು. ಹಾಗಾಗಿ ಮುಂದಕ್ಕೆ ಬಾಗಿಯೇ ಕೂತಳು. ರಸ್ತೆ ಮುಗಿದ ಮೇಲೆ ನಡಿಗೆ. ಬೆನ್ನಿನ ನರವೊಂದು ಹೆಜ್ಜೆಹೆಜ್ಜೆಗೂ ತಂತಿಯಂತೆ ಮಿಡಿಯುತ್ತಿತ್ತು. ನಲ್ಲಿ ತೆರೆಯಬೇಕಾದ್ದರಿಂದ ನೀಲಾ ಮೇಡಂ ಲೇಹ್‌ನ ಕೋಣೆಯಲ್ಲೇ ಉಳಿದಿದ್ದರು. ಅವರ ದನಿಯ ರೇಡಿಯೋ ಅವಳ ಎದೆಯ ಮೇಲೆ ತೂಗುತ್ತಿತ್ತು.

ಊರ ಜನ ದಾರಿಯುದ್ದಕ್ಕೂ ಬಿಳಿ ಶಲ್ಯ ಹಿಡಿದು ಸುಮ್ಮನೆ ನಿಂತಿದ್ದರು. ಡೋಲ್ಕರ್ ಕೂಡ, ಬಾಯಿಗೆ ಶಾಲಿನ ಸೆರಗು ತುರುಕಿಕೊಂಡು. ಕಮರಿಯ ಬಾಯಲ್ಲಿ ಹುಡುಗರು ಹೊತ್ತು ತಂದಿದ್ದ ಕಪ್ಪು ಹಿಮದ ಬುಟ್ಟಿ. ಅಬಿಯನ್ನು ಯಾರೋ ಕುದುರೆಯ ಮೇಲೆ ಕೂರಿಸಿ ತಂದು ಬಂಡೆಯ ಮರೆಯಲ್ಲಿ ಇಳಿಸಿದ್ದರು.

ಮಧ್ಯಾಹ್ನ ಕಳೆಯುತ್ತಲೇ ಬಿಸಿಲು ಬಿಟ್ಟುಹೋಗುವ ಕಮರಿ ಅದು. ಬುಟ್ಟಿ ಬೆನ್ನ ಮೇಲೇ ಇರುವಾಗ ಗ್ಯಾಲ್ಸನ್ ಅದರೊಳಗಿಂದ ಬಿಳಿಯ ತುಂಡನ್ನು ಎತ್ತಿಕೊಂಡ. ಕಪ್ಪನ್ನೂ ಬಿಳಿಯನ್ನೂ ಕಲ್ಲುಬಾನಿಯಲ್ಲಿ ಕೂಡಿಸಿ ಕುಟ್ಟಿ, ಕಾರಂಜಿಯ ಕೆಳಗೆ ಹರಡಿದ್ದ ಮುಳ್ಳುಕಡ್ಡಿಯ ರಾಶಿಯ ಮೇಲೆ ಎರಚಿದರು.

"ಕುಂಜೆಸ್" ಎಂದಿತು ರೇಡಿಯೋ. "ನೀ ಮಾತಾಡಂಗಿಲ್ಲ ಅಂತ ಗೊತ್ತೈತಿ. ತಯಾರಿದ್ರ ಗುಂಡಿ ಒತ್ತು."

ಅವಳು ಒತ್ತಿದಳು. ದೂರದ ಆ ಕೋಣೆಯಲ್ಲಿ ನಲ್ಲಿ ತಿರುಗಿತು. ಕಾರಂಜಿ ಕೆಮ್ಮಿ, ಚಿಮ್ಮಿತು.

ನೀರು ಕಡ್ಡಿಗಳ ಮೇಲೆ ಬಿದ್ದು, ಹನಿದು, ಹರಿಯಿತು. ಕಮರಿಯ ಕೆಳಗೆ ಅದು ಹರಿದು ಹೋಗುವ ಸದ್ದು ಎರಡು ವರ್ಷದಿಂದ ಕುಂಜೆಸ್‌ಗೆ ಬಾಯಿಪಾಠ.

"ಹಳದಿ ಐತಿ ಇನ್ನ" ಎಂದಿತು ರೇಡಿಯೋ. ಸ್ವಲ್ಪ ಹೊತ್ತು ಬಿಟ್ಟು, "ನಮ್ಮಾಯಿ ಹೆಪ್ಪು ಹಾಕಿ ಗಡಿಗಿ ಮುಚ್ಚಿದ ಮ್ಯಾಲ ನಾವು ಮತ್ತ ಮತ್ತ ತಗದು ನೋಡ್ತಿದ್ವಿ. ಕೈಮ್ಯಾಲ ಬಡೀತಿದ್ಲು. ಅಲುಗಿಸಿದ್ರ ಕೂಡಂಗಿಲ್ಲ, ಸುಮ್ಮನ ಇರ್ರಿ ಅಂತಿದ್ಲು. ನಾನೂ ಸುಮ್ಮನ ಇರಬೇಕು. ಆದ್ರ ಇಲ್ಲಿ ಒಬ್ಬಾಕಿನ ಅದೀನಿ, ಅದಕ್ಕ ಮಾತಾಡಾಕತ್ತೀನಿ. ಇನ್ನೂ ಹಳದಿ."

ಯಾರೂ ಕದಲಲಿಲ್ಲ. ಚಳಿ ಸೊನ್ನೆಗಿಂತ ಎರಡು ಡಿಗ್ರಿ ಕೆಳಗಿಳಿದು, ಎಂದಿನಂತೆ ಅಲ್ಲೇ ಕೂತಿತು. ಕುಂಜೆಸ್‌ಗೆ ಕಾಲಿನ ಬೆರಳು ಇದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ. ಇದೂ ಹರಿದುಹೋಗುತ್ತದೆ, ಆಮೇಲೆ ಅಬಿಯನ್ನು ಹೊರಬೇಕು ಎಂದು ಅವಳು ಯೋಚಿಸುತ್ತಿದ್ದಳು. ತಗಡಿನ ಮನೆಯಲ್ಲಿ ಒಲೆ ಎಲ್ಲಿಡುವುದು ಎಂದೂ.

ಆಗ ಸದ್ದು ಬದಲಾಯಿತು. ಬದಲಾಯಿತು ಎನ್ನುವುದಕ್ಕಿಂತ ಸಣ್ಣದಾಯಿತು. ಮೇಲೆ ಕಾರಂಜಿ ಚಿಮ್ಮುತ್ತಲೇ ಇತ್ತು, ಕೆಳಗೆ ಹರಿಯುವುದು ಮಾತ್ರ ಒಂದೊಂದೇ ಎಳೆ ಕಡಿದ ಹಾಗೆ ಕಡಿಮೆಯಾಗುತ್ತ ಬಂತು. ಎಲ್ಲಕ್ಕಿಂತ ಹತ್ತಿರದ ಕಡ್ಡಿಯ ತುದಿಯಲ್ಲಿ ತೂಗುತ್ತಿದ್ದ ಹನಿಯನ್ನು ಅವಳು ನೋಡುತ್ತಿದ್ದಳು. ಅದು ಬೀಳಲಿಲ್ಲ. ಮಂಜಾಯಿತು. ಅದರ ಹಿಂದಿನ ಹನಿ ಅದಕ್ಕೆ ಬಂದು ಅಂಟಿಕೊಂಡಿತು.

"ನೀಲಿ" ಎಂದಿತು ರೇಡಿಯೋ ಕೊನೆಗೆ, ಗುಟ್ಟು ಹೇಳುವ ದನಿಯಲ್ಲಿ.

ಆದರೂ ಯಾರೂ ಬಾಯಿ ತೆರೆಯಲಿಲ್ಲ. ಡೋಲ್ಕರ್‌ಳ ಕಣ್ಣಿಂದ ನೀರು ಇಳಿದು ಸೆರಗು ಒದ್ದೆಯಾಗುತ್ತಿತ್ತು. ಎಲ್ಲರ ಮುಖವೂ ಅಬಿಯ ಕಡೆ.

ಅಬಿ ಕೋಲೂರಿ ಎದ್ದಳು. ನಿಧಾನ ಬಂದು, ಬೆಳ್ಳಗೆ ತುಪ್ಪಳ ಬೆಳೆದಂತಿದ್ದ ಆ ಕಡ್ಡಿಯನ್ನು ಬೆರಳಿನಿಂದ ಮುಟ್ಟಿದಳು. ಬೆರಳನ್ನು ನಾಲಗೆಗೆ ಹಚ್ಚಿದಳು. ಆಮೇಲೆ ಹಿಮವನ್ನು ಬಿಟ್ಟು ಮೊಮ್ಮಗಳ ಕಡೆ ತಿರುಗಿ, ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಇಳಿಸು" ಎಂದಳು.

ಕುಂಜೆಸ್‌ಗೆ ಅರ್ಥವಾಗಲಿಲ್ಲ.

"ಬುಟ್ಟಿ ಇಳಿಸು ಹುಡುಗಿ. ಯಾವಾಗಲೋ ಖಾಲಿಯಾಗಿದೆ."

ಆಗಲೇ ಅವಳಿಗೆ ಭುಜದ ಪಟ್ಟಿಯ ಅರಿವಾದದ್ದು. ಹುಲ್ಲು, ಉಣ್ಣೆ ಬಿಟ್ಟರೆ ಏನೂ ಇರದ ಬುಟ್ಟಿ ಇನ್ನೂ ಬೆನ್ನ ಮೇಲೇ ಇತ್ತು. ಒಂದು ತೋಳು ಬಿಡಿಸಿದಳು, ಇನ್ನೊಂದನ್ನು ಬಿಡಿಸಿದಳು, ಮಂಡಿಯೂರಿ ಬುಟ್ಟಿಯನ್ನು ನೆಲಕ್ಕಿಟ್ಟಳು.